‘ಎಂತ ಜನ’ ಅಂತ ಕೇಳುವುದಾದರೆ ಮುಖಕ್ಕೇ ಕೇಳಿ

ನಮ್ಮ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ದೊಡ್ಡ ಜಗಳ. ತೀರ್ಥಹಳ್ಳಿ, ಕೊಪ್ಪ, ಸಾಗರ, ಬೆಂಗಳೂರು, ಮತ್ತೆ ನನ್ನ ಹಾಗೆ ದೇಶ ಬಿಟ್ಟು ಬಂದ ನಾಲ್ಕೈದು ಜನ, ಎಲ್ಲಾ ಸೇರಿ ಐವತ್ತು ಚಿಲ್ಲರೆ ಮಂದಿಯ ಗ್ರೂಪು. ಅವರಿಗೆ ಬೆಳಗಿನ ಕಾಫಿ ಹೊತ್ತು. ನನಗೆ ಇಲ್ಲಿ ನ್ಯೂಜೆರ್ಸಿಯಲ್ಲಿ ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತು. ಯಾವುದೋ ನಿಗಮಕ್ಕೆ ಸರ್ಕಾರ ಹೊಸ ಅಧ್ಯಕ್ಷರನ್ನು ಹಾಕಿದೆ ಅಂತ ಒಬ್ಬ ಸುದ್ದಿ ಹಾಕಿದ. ಎರಡನೇ ಮೆಸೇಜಿಗೇ ಪ್ರಶ್ನೆ ಬಂತು: "ಇವ್ರು ಎಂತ ಜನ ಮಾರಾಯ?"

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂತ ಜನ ಅಂದರೆ ಒಳ್ಳೆಯವರಾ ಕೆಟ್ಟವರಾ ಅಂತಲ್ಲ. ಯಾವ ಜಾತಿ, ಯಾವ ಮಠದ ಒಕ್ಕಲು, ಯಾರ ಪೈಕಿ ಅಂತ. ಅಲ್ಲಿಂದ ಮುಂದೆ ಸುಮಾರು ಎಪ್ಪತ್ತು ಮೆಸೇಜು. ಒಬ್ಬನಿಗೆ ಆ ಸ್ವಾಮೀಜಿ ಹೇಳಿದ್ದಕ್ಕೇ ಕೊಟ್ಟರು ಅನ್ನುವ ಸಿಟ್ಟು, ಇನ್ನೊಬ್ಬನಿಗೆ ನಮ್ಮವರಿಗೆ ಯಾವಾಗಲೂ ಕೈ ಕೊಡುತ್ತಾರೆ ಅನ್ನುವ ಸಿಟ್ಟು, ಮತ್ತೊಬ್ಬ ಮಧ್ಯದಲ್ಲಿ ಯಾವುದೋ ಹಳೇ ವಿಡಿಯೋ ತಂದು ಹಾಕಿ ಬೆಂಕಿಗೆ ತುಪ್ಪ ಸುರಿದು ತೋಟಕ್ಕೆ ಹೋದ. ಆ ನಿಗಮ ಏನು ಕೆಲಸ ಮಾಡುತ್ತದೆ ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಒರೆಸಿಕೊಂಡು ನಾನು ಮಾಡಿದ ಮೊದಲ ಕೆಲಸ ಆ ಅಧ್ಯಕ್ಷರ ಊರು ಯಾವುದು ಅಂತ ಹುಡುಕಿದ್ದು. ಊರು ಗೊತ್ತಾದರೆ ಉಳಿದದ್ದು ಗೊತ್ತಾಗುತ್ತದೆ ಅಲ್ವಾ.

ಅಮೆರಿಕದಲ್ಲಿ ಇಂಥದ್ದೆಲ್ಲ ಇಲ್ಲ ಅಂತ ಊರಲ್ಲಿ ಕೆಲವರು ನಂಬಿದ್ದಾರೆ. ಇದೆ, ಬೇಕಾದಷ್ಟಿದೆ. ಕೇಳುವ ಪ್ರಶ್ನೆ ಬೇರೆ, ಕೇಳುವ ಜಾಗ ಬೇರೆ, ಅಷ್ಟೇ.

ಇಲ್ಲಿ ದೊಡ್ಡ ಹುದ್ದೆಗೆ ಅಧ್ಯಕ್ಷರು ಯಾರನ್ನೇ ಆರಿಸಲಿ, ಅವರು ಇಲ್ಲಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯ ಮುಂದೆ ಬಂದು ಕೂರಬೇಕು. ಮುಂದೆ ಒಂದು ಮೇಜು, ಒಂದು ಮೈಕು, ಒಂದು ಲೋಟ ನೀರು. ಎದುರಿಗೆ ಎರಡೂ ಪಕ್ಷದ ಸೆನೆಟರುಗಳು. ಟಿವಿಯಲ್ಲಿ ಊರೆಲ್ಲ ನೋಡುತ್ತಿರುತ್ತದೆ. ಸಂವಿಧಾನದ 6ನೇ ವಿಧಿಯಲ್ಲಿ ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಒಡ್ಡುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಿದ್ದೂ 1961ರವರೆಗೆ ಮೇರಿಲ್ಯಾಂಡಿನಲ್ಲಿ ಬರೀ ನೋಟರಿ ಆಗಲಿಕ್ಕೂ ದೇವರಿದ್ದಾನೆ ಅಂತ ಒಪ್ಪಬೇಕಿತ್ತು. ಟೊರ್ಕಾಸೋ ಅನ್ನುವವರು ಒಪ್ಪಲ್ಲ ಅಂದರು, ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ ಆ ನಿಯಮವನ್ನು ಕಿತ್ತುಹಾಕಿತು. ಒಂದು ಸೀಲು ಒತ್ತುವ ಕೆಲಸಕ್ಕೆ ಸುಪ್ರೀಂ ಕೋರ್ಟಿನ ತನಕ!

2017ರಲ್ಲಿ ಏಮಿ ಕೋನಿ ಬ್ಯಾರೆಟ್ ಅವರನ್ನು ಮೇಲ್ಮನವಿ ಕೋರ್ಟಿಗೆ ಹೆಸರಿಸಿದಾಗ ಆದ ಗಲಾಟೆ ತುಂಬಾ ಜನರಿಗೆ ನೆನಪಿರಬಹುದು. ಅವರು ಕ್ಯಾಥೊಲಿಕ್. 1998ರಲ್ಲಿ, ಮರಣದಂಡನೆಯ ಕೇಸಿನಲ್ಲಿ ಕ್ಯಾಥೊಲಿಕ್ ನ್ಯಾಯಾಧೀಶರು ಏನು ಮಾಡಬೇಕು ಅಂತ ಅವರೇ ಇನ್ನೊಬ್ಬರ ಜೊತೆ ಸೇರಿ ಒಂದು ಲೇಖನ ಬರೆದಿದ್ದರು. ಹಾಗಾಗಿ ಆ ಬಗ್ಗೆ ಕೇಳಿದ್ದರಲ್ಲಿ ನನಗೆ ತಪ್ಪು ಕಾಣಲ್ಲ. ಬರೆದವರನ್ನು ಬರೆದದ್ದರ ಬಗ್ಗೆ ಕೇಳದೆ ಇನ್ನೇನು ಕೇಳುವುದು? ಆದರೆ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿಮ್ಮೊಳಗೆ ಮತದ ನಂಬಿಕೆ ಜೋರಾಗಿ ಸದ್ದು ಮಾಡುತ್ತಿದೆ ಅನ್ನುವ ಅರ್ಥದಲ್ಲಿ ಚುಚ್ಚಿದರು. ಆ ಮಾತನ್ನೇ ಕಾಫಿ ಮಗ್ಗಿನ ಮೇಲೆ, ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದರು ಇಲ್ಲಿನ ಜನ. ಬ್ಯಾರೆಟ್ 55-43ರಲ್ಲಿ ಗೆದ್ದರು, 2020ರಲ್ಲಿ 52-48ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು.

ಇನ್ನೊಂದು ನಮ್ಮ ನ್ಯೂಜೆರ್ಸಿಯದೇ ಕಥೆ. 2023ರ ನವೆಂಬರಿನಲ್ಲಿ ಅದೀಲ್ ಮಂಗಿ ಅನ್ನುವ ವಕೀಲರನ್ನು ಬೈಡನ್ ಮೇಲ್ಮನವಿ ಕೋರ್ಟಿಗೆ ಹೆಸರಿಸಿದರು. ಆಗಿದ್ದರೆ ಆ ಮಟ್ಟದ ಕೋರ್ಟಿನಲ್ಲಿ ಮೊದಲ ಮುಸ್ಲಿಂ ನ್ಯಾಯಾಧೀಶರಾಗುತ್ತಿದ್ದರು. ಡಿಸೆಂಬರಿನಲ್ಲಿ ಮೇಜಿನ ಮುಂದೆ ಕೂರಿಸಿ ಹಮಾಸ್ ದಾಳಿಯನ್ನು ಖಂಡಿಸುತ್ತೀರಾ, 9/11ರ ಬಗ್ಗೆ ಏನಂತೀರಿ ಅಂತ ಸುತ್ತಿ ಸುತ್ತಿ ಕೇಳಿದರು. ಅವರು ಖಂಡಿಸಿದರು, ಮತ್ತೆ ಕೇಳಿದರು, ಮತ್ತೆ ಖಂಡಿಸಿದರು. ಕೆಲವು ಯಹೂದಿ ಸಂಘಟನೆಗಳೇ ಅವರ ಪರ ನಿಂತವು. ಕೊನೆಗೆ ಬೈಡನ್ ಪಕ್ಷದವರೇ ಎರಡು ಮೂರು ಜನ ಬೇರೆ ಕಾರಣ ಹೇಳಿ ಹಿಂದೆ ಸರಿದರು. ಇಡೀ ಸೆನೆಟಿನ ಮುಂದೆ ಹೆಸರು ಮತಕ್ಕೆ ಬರಲೇ ಇಲ್ಲ.

ಈ ಎರಡು ಕಥೆಯನ್ನು ಅಕ್ಕಪಕ್ಕ ಇಟ್ಟು ನೋಡಿ, ನಗು ಬರುತ್ತದೆ. 2017ರಲ್ಲಿ ಧರ್ಮದ ವಿಚಾರ ಕೇಳಬೇಡಿ ಅಂತ ಬೊಬ್ಬೆ ಹೊಡೆದ ರಿಪಬ್ಲಿಕನ್ ಪಕ್ಷವೇ 2023ರಲ್ಲಿ ಕೇಳುವ ಕಡೆ ಕೂತಿತ್ತು. ಆಗ ಕೇಳಿದ ಡೆಮಾಕ್ರಟರು ಈಗ ಬೊಬ್ಬೆ ಹೊಡೆದರು. ಆನ್‌ಲೈನಿನಲ್ಲೂ ಅದೇ ಜನ, ಅದೇ ಮಾತು, ಬರೀ ಪಾಳಿ ಅದಲು ಬದಲು.

ಎಲ್ಲರೂ ಹಾಗಲ್ಲ ಅನ್ನಿ. 2011ರಲ್ಲಿ ಇಲ್ಲಿನ ಗವರ್ನರ್ ಕ್ರಿಸ್ ಕ್ರಿಸ್ಟಿ, ಭಾರತದಲ್ಲಿ ಹುಟ್ಟಿದ ಸೊಹೈಲ್ ಮೊಹಮ್ಮದ್ ಅವರನ್ನು ರಾಜ್ಯದ ಕೋರ್ಟಿಗೆ ನೇಮಿಸಿದಾಗ ಶರಿಯಾ ಬಂತು ಅಂತ ಒಂದಷ್ಟು ಜನ ಕೂಗಾಡಿದರು. ಕ್ರಿಸ್ಟಿ ಪತ್ರಕರ್ತರ ಎದುರೇ, ಇದೆಲ್ಲ ಹುಚ್ಚು, ಈ ಹುಚ್ಚರ ಜೊತೆ ಏಗಿ ಸಾಕಾಗಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆ ಮನುಷ್ಯನ ಬೇರೆ ರಾಜಕೀಯ ನನಗೆ ಇಷ್ಟ ಇಲ್ಲ. ಆ ದಿನದ ಮಾತು ಮಾತ್ರ ಇಷ್ಟ.

ಈಗ ನನ್ನದೇ ಒಂದು ಸಣ್ಣ ಕಥೆ. ನಾನಿರುವ ಊರಲ್ಲಿ ಜೋನಿಂಗ್ ಬೋರ್ಡ್ ಅಂತ ಒಂದಿದೆ. ಯಾರು ಎಲ್ಲಿ ಅಂಗಡಿ ಹಾಕಬಹುದು, ಎಷ್ಟು ಎತ್ತರ ಕಟ್ಟಬಹುದು, ಪಾರ್ಕಿಂಗ್ ಎಷ್ಟಿರಬೇಕು, ನಿಯಮಕ್ಕೆ ವಿನಾಯಿತಿ ಬೇಕಾದರೆ ಕೊಡುವುದಾ ಬೇಡವಾ, ಇದನ್ನೆಲ್ಲ ನೋಡುವ ಊರ ಜನರದೇ ಮಂಡಳಿ. ಸಂಬಳ ಇಲ್ಲ. ನೇಮಕ ಮಾತ್ರ ಊರ ಕೌನ್ಸಿಲಿನವರದ್ದು, ಅಂದರೆ ರಾಜಕೀಯದವರದ್ದೇ. ನಾನೂ ಅರ್ಜಿ ಹಾಕಿದೆ. ಕರೆದು ಮಾತಾಡಿಸಿದರು. ನಾಲ್ಕು ಪ್ರಶ್ನೆ ಆದ ಮೇಲೆ ಒಬ್ಬ ಹೆಂಗಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು, ನೀವು ಸಸ್ಯಾಹಾರಿ, ಹಿಂದೂ ಅಂತ ಬರೆದುಕೊಂಡಿದ್ದೀರಿ, ದೇವಸ್ಥಾನದಲ್ಲಿ ಸೇವೆ ಮಾಡುತ್ತೀರಿ, ನಾಳೆ ಮಾಂಸದ ಅಂಗಡಿಯ ಅರ್ಜಿ ಬಂದರೆ ಏನು ಮಾಡುತ್ತೀರಿ?

ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಅಂಗಡಿಯಲ್ಲಿ ಏನು ಮಾರುತ್ತಾರೆ ಅನ್ನುವುದು ನನಗೆ ಬೇಕಿಲ್ಲ, ನಿಯಮಕ್ಕೆ ಸರಿ ಇದೆಯಾ ಅಂತ ನೋಡುತ್ತೇನೆ ಅಂದೆ. ಅದನ್ನು ನಡಾವಳಿಯಲ್ಲಿ ಬರೆದುಕೊಂಡರು. ಮನೆಗೆ ಬಂದು ಹೆಂಡತಿಯ ಹತ್ತಿರ ಅರ್ಧ ಗಂಟೆ ಹಾರಾಡಿದೆ. ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದವಳು ತಲೆ ಎತ್ತದೆ, "ಸರಿಯಾಗೇ ಕೇಳಿದಾರಲ್ರೀ. ನಿಮ್ಮ ಅಕ್ಕನ ಮನೆಗೆ ಬಂದ ಇಂಜಿನಿಯರನ್ನ ಹೀಗೆ ಯಾರಾದ್ರೂ ಕೇಳಿದ್ರೆ ನೀವೇ ಚಪ್ಪಾಳೆ ಹೊಡೀತಿದ್ರಿ" ಅಂದಳು. ಆ ಇಂಜಿನಿಯರ ಕಥೆ ಇಲ್ಲಿ ಬೇಡ. ಅವಳ ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ನೀವು ಯಾರು ಅಂತ ಕೇಳುವುದು ಬೇರೆ. ನಿಮ್ಮ ನಂಬಿಕೆ ಈ ಕೆಲಸಕ್ಕೆ ಅಡ್ಡ ಬಂದರೆ ಏನು ಮಾಡುತ್ತೀರಿ ಅಂತ ಕೇಳುವುದು ಬೇರೆ. ಎರಡನೇದು ಕೇಳಲೇಬೇಕಾದ ಪ್ರಶ್ನೆ. ಮುಖಕ್ಕೇ ಕೇಳಬೇಕು, ಉತ್ತರ ಬರೆದಿಡಬೇಕು. ನಮ್ಮಲ್ಲಿ ಇಲ್ಲದ್ದು ಇದೇ. ನಿಗಮ ಮಂಡಳಿಗೆ ಅಧ್ಯಕ್ಷರು ಬರುತ್ತಾರೆ, ಮಂತ್ರಿಗಳು ಬರುತ್ತಾರೆ, ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಾಧೀಶರ ಕೂಟ, ಆರಿಸಿದ ನ್ಯಾಯಾಧೀಶರು ಬರುತ್ತಾರೆ. ಯಾರನ್ನೂ ಒಂದು ಕುರ್ಚಿಯಲ್ಲಿ ಕೂರಿಸಿ ಎಲ್ಲರ ಎದುರು ಅರ್ಧ ದಿನ ಕೇಳುವ ಪದ್ಧತಿ ಇಲ್ಲ. ಕೇಳಲು ಜಾಗವೇ ಇಲ್ಲದ ಮೇಲೆ ಜನ ಎಲ್ಲಿ ಕೇಳಬೇಕು? ಮೊದಲು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಅಡಿಕೆ ಮಂಡಿಯ ಕಟ್ಟೆ ಮೇಲೆ ಕೇಳುತ್ತಿದ್ದರು. ಈಗ ಫೋನಿನಲ್ಲಿ ಕೇಳುತ್ತಾರೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಕಾಲದಲ್ಲಿ ಯಾರೂ ಜಾತಿ ಕೇಳುತ್ತಿರಲಿಲ್ಲ ಅಂತ ನಮ್ಮೂರ ಹಿರಿಯರು ಜಂಬ ಕೊಚ್ಚುತ್ತಾರೆ. ನಾನು ನಂಬಲ್ಲ. ವಾಟ್ಸಾಪ್ ಇರಲಿಲ್ಲ, ಅಷ್ಟೇ.

ನಮ್ಮಲ್ಲಿ ಹುದ್ದೆಗೆ ಬಂದವರು ದೇವರ ವಿಚಾರ ಮುಚ್ಚಿಡುತ್ತಾರೆ ಅಂತಲೂ ಅಲ್ಲ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಪ್ರಮಾಣವಚನಕ್ಕೆ ಇರುವುದು ಎರಡೇ ದಾರಿ. ಒಂದು ದೇವರ ಹೆಸರಿನಲ್ಲಿ, ಇನ್ನೊಂದು ದೇವರ ಹೆಸರಿಲ್ಲದೆ. ನಮ್ಮ ಮಂತ್ರಿಗಳಿಗೆ ಇದು ಸಾಲುವುದಿಲ್ಲ. 2023ರ ಮೇ 20ರಂದು ಡಿ.ಕೆ. ಶಿವಕುಮಾರ್ ತಾವು ನಂಬುವ ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ತೆಗೆದುಕೊಂಡರು. 2021ರಲ್ಲಿ ಬೊಮ್ಮಾಯಿ ಸಂಪುಟದಲ್ಲಿ ಪ್ರಭು ಚೌಹಾಣ್ ಬಂಜಾರರ ಸಂತ ಸೇವಾಲಾಲರ ಹೆಸರನ್ನೂ ಗೋಮಾತೆಯ ಹೆಸರನ್ನೂ ಹೇಳಿದರು. ಅದೇ 2021ರ ಜುಲೈನಲ್ಲಿ ಯಡಿಯೂರಪ್ಪನವರ ಕುರ್ಚಿ ಅಲ್ಲಾಡಿದಾಗ ಸ್ವಾಮೀಜಿಗಳು ಸಾಲುಸಾಲಾಗಿ ಬಂದು ಮನೆಯಲ್ಲಿ ಕೂತರು, ಅರಮನೆ ಮೈದಾನದಲ್ಲಿ ಸಭೆಯನ್ನೂ ಮಾಡಿದರು. ಎಲ್ಲಾ ಬಯಲಲ್ಲೇ. ಇಲ್ಲಿ ಅಮೆರಿಕದಲ್ಲಿ ಒಬ್ಬ ಬಿಷಪ್ ಗವರ್ನರನ್ನು ಇಳಿಸಬೇಡಿ ಅಂತ ಹಾಗೆ ಬಂದು ಕೂತರೆ ಏನಾಗಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ನಮ್ಮ ವಿಚಾರಣೆಯ ರೀತಿ ಹೇಗಿದೆ ಅಂದರೆ, 2011ರ ಜೂನ್ 27 ನೆನಪಿಸಿಕೊಳ್ಳಿ. ನಮ್ಮ ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿ. ಕುಮಾರಸ್ವಾಮಿಯವರ ಜೊತೆ ಆರೋಪ ಪ್ರತ್ಯಾರೋಪದ ನಡುವೆ, ಧರ್ಮಸ್ಥಳಕ್ಕೆ ಬನ್ನಿ, ಮಂಜುನಾಥನ ಎದುರು ಆಣೆ ಮಾಡಿ ಅಂತ ಸವಾಲು ಹಾಕಿದರು. ಇಬ್ಬರೂ ಹೋದರು. ಇಬ್ಬರೂ ಕೈ ಮುಗಿದರು. ಆಣೆ ಗೀಣೆ ಏನೂ ಆಗಲಿಲ್ಲ, ವಾಪಸ್ ಬಂದರು. ಸದನದಲ್ಲಿ ಕೇಳಬೇಕಾದ್ದನ್ನು ಕೇಳುವ ಕೆಲಸ ದೇವರಿಗೆ ಬಿಟ್ಟರೆ ಹೀಗೇ ಆಗುತ್ತದೆ. ಸಿಗಂದೂರು ಚೌಡಮ್ಮನ ಕಾವಲಿದೆ ಅಂತ ತೋಟಕ್ಕೆ ಬೋರ್ಡು ಹಾಕಿದರೆ ಅಡಿಕೆ ಕಳ್ಳ ಹೆದರಬಹುದು. ಖಜಾನೆಗೆ ಆ ಬೋರ್ಡು ಸಾಲುವುದಿಲ್ಲ.

2025ರ ದಸರಾ ಗಲಾಟೆಯನ್ನಂತೂ ಇಲ್ಲಿ ಕೂತು ನೋಡಿ ನನಗೆ ನಾಚಿಕೆ ಆಯಿತು. ಲೇಖಕಿ ಬಾನು ಮುಷ್ತಾಕ್ ಅವರನ್ನು ಉದ್ಘಾಟನೆಗೆ ಕರೆದದ್ದು, ಅವರು ಮುಸ್ಲಿಂ ಅಂತ ಕೆಲವರು ಬೇಡ ಅಂದದ್ದು. ಅದು ಹುದ್ದೆಯೂ ಅಲ್ಲ, ಒಂದು ದಿನದ ಆಹ್ವಾನ. ಅದನ್ನು ವಿರೋಧಿಸಿದ ಅರ್ಜಿಯನ್ನು ಹೈಕೋರ್ಟು ವಜಾ ಮಾಡಿತು, ಸೆಪ್ಟೆಂಬರ್ 19ಕ್ಕೆ ಸುಪ್ರೀಂ ಕೋರ್ಟೂ ವಜಾ ಮಾಡಿತು, 22ಕ್ಕೆ ಅವರು ಹೋಗಿ ಉದ್ಘಾಟಿಸಿ ಬಂದರು. 2017ರಲ್ಲಿ ಇದೇ ದಸರಾವನ್ನು ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದ ಮೇಷ್ಟ್ರು ಅಂತ ನಮಗೆಲ್ಲ ಹೆಮ್ಮೆ. ಗ್ರೂಪಿನಲ್ಲಿ ಬಾನು ಅವರ ಬಗ್ಗೆ ಕಿಡಿ ಕಾರಿದವನೇ ನಿಸಾರರ ಪದ್ಯ ಹಾಡಿ ನಮ್ಮ ಸ್ಕೂಲ್ ಡೇಯಲ್ಲಿ ಪ್ರೈಜ್ ತಗೊಂಡಿದ್ದ. ಅದನ್ನು ನೆನಪಿಸಿದೆ. "ಅದು ಬೇರೆ ಮಾರಾಯ" ಅಂದ. ಹೇಗೆ ಬೇರೆ ಅಂತ ಇವತ್ತಿನವರೆಗೂ ಹೇಳಿಲ್ಲ.

ಹಾಗಂತ ಧರ್ಮ ನೋಡಿ ನೇಮಿಸುವುದೇ ತಪ್ಪು ಅಂತಲೂ ಅಲ್ಲ. ನಮ್ಮ ಸಂವಿಧಾನದ 16ನೇ ವಿಧಿ ಧರ್ಮದ ಕಾರಣಕ್ಕೆ ಸರ್ಕಾರಿ ಕೆಲಸದಲ್ಲಿ ಭೇದ ಮಾಡಬೇಡಿ ಅನ್ನುತ್ತದೆ. ಅದೇ ವಿಧಿಯ ಐದನೇ ಕಲಮು, ಧಾರ್ಮಿಕ ಸಂಸ್ಥೆಗೆ ಸಂಬಂಧಪಟ್ಟ ಹುದ್ದೆಗೆ ಆ ಧರ್ಮದವರೇ ಇರಬೇಕು ಅನ್ನುವ ಕಾನೂನಿಗೆ ಜಾಗ ಬಿಟ್ಟಿದೆ. ಆನ್‌ಲೈನಿನಲ್ಲಿ ಅರ್ಧ ಜನ ಮೊದಲನೇದನ್ನು ಮಾತ್ರ ಓದಿರುತ್ತಾರೆ, ಇನ್ನರ್ಧ ಜನ ಎರಡನೇದನ್ನು ಮಾತ್ರ.

ಹೋದ ಸಲ ಕೊಯ್ಲಿನ ಹೊತ್ತಿಗೆ ಊರಿಗೆ ಹೋದಾಗ ಭಾವನ ಜೊತೆ ಹಣಗೆರೆಕಟ್ಟೆಗೆ ಹೋಗಿದ್ದೆ. ತೀರ್ಥಹಳ್ಳಿ ತಾಲೂಕು, ಕಾಡಿನ ಮಧ್ಯೆ. ಒಂದೇ ಮಾಡಿನ ಕೆಳಗೆ ಭೂತರಾಯ, ಚೌಡೇಶ್ವರಿ, ಅಲ್ಲೇ ಸೈಯದ್ ಸಾದತ್ ದರ್ಗಾ. ಆಡಳಿತ ಮುಜರಾಯಿ ಇಲಾಖೆಯದ್ದು. ಈ ಕಡೆ ಊದಿನಕಡ್ಡಿ, ಆ ಕಡೆ ಲೋಬಾನ, ಹೊಗೆ ಮಾತ್ರ ಒಂದೇ. ಒಬ್ಬ ಅಜ್ಜಿ ಕಾಯಿ ಒಡೆಸಿಕೊಂಡು ಬಂದು ಅದೇ ಕೈಯಲ್ಲಿ ಸಕ್ಕರೆ ಪೊಟ್ಟಣ ಹಿಡಿದು ದರ್ಗಾದಲ್ಲಿ ಓದಿಸಲು ನಿಂತಳು. ಹೊರಗೆ ಚಾ ಕುಡಿಯುವಾಗ ಅಂಗಡಿಯವನನ್ನು ಕೇಳಿದೆ, ಇಲ್ಲಿಗೆ ನೋಡಿಕೊಳ್ಳುವ ಅಧಿಕಾರಿ ಯಾರಪ್ಪ ಅಂತ. "ಹೊಸಬ್ರು ಬಂದಿದಾರೆ. ಹುಂಡಿ ಎಣಿಸೋ ದಿನ ಬೆಳಗ್ಗಿಂದ ಸಂಜೆ ತನಕ ಎದ್ದು ಹೋಗಲ್ಲ" ಅಂದ. ನೋಡಿ, ಇವನು ಎಂತ ಜನ ಅಂತ ಹೇಳಲೇ ಇಲ್ಲ ಅಂತ ನಾನು ಖುಷಿಪಟ್ಟೆ. ಭಾವ ಕಾರು ಹತ್ತುವಾಗ ನಕ್ಕರು. "ಅವನಿಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಗೋತ್ರ ಸಮೇತ ಗೊತ್ತಿರ್ತದೆ. ಲೆಕ್ಕ ಸರಿ ಇದೆ, ಅದ್ಕೆ ಹೇಳ್ಲಿಲ್ಲ."

ಜೋನಿಂಗ್ ಬೋರ್ಡಿನ ಕಥೆ ಪೂರ್ತಿ ಆಗಲಿಲ್ಲ. ನಾನು ಸೇರಿ ಒಂದು ವರ್ಷಕ್ಕೆ ನಿಜವಾಗಿಯೂ ಮಾಂಸದ ಅಂಗಡಿಯ ಅರ್ಜಿ ಬಂತು. ಪಾರ್ಕಿಂಗ್ 14 ಬೇಕಿತ್ತು, ಇದ್ದದ್ದು 11. ನಾನು ಬೇಡ ಅಂತ ಮತ ಹಾಕಿದೆ. ಇನ್ನೂ ಮೂವರು ಹಾಕಿದರು. ರಾತ್ರಿ ಊರಿನ ಫೇಸ್‌ಬುಕ್ ಪೇಜಿನಲ್ಲಿ ನನ್ನೊಬ್ಬನದೇ ಹೆಸರು. ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ಇನ್ನೇನು ನಿರೀಕ್ಷೆ ಮಾಡುತ್ತೀರಿ ಅಂತ ಒಬ್ಬರು ಬರೆದರು. ಇಂಗ್ಲಿಷಿನಲ್ಲಿ ಎಂತ ಜನ ಅನ್ನುವುದಕ್ಕೆ ಸರಿಯಾದ ಮಾತು ಅದೇ ಇರಬೇಕು. ಆಗ ಗುರುತು ಪರಿಚಯ ಇಲ್ಲದ ಯಾರೋ ಒಬ್ಬರು ಹಳೇ ನಡಾವಳಿ ಹುಡುಕಿ ತಂದು, ಆ ಕನ್ನಡಕದ ಹೆಂಗಸು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಎರಡನ್ನೂ ಹಾಕಿದರು. ಜಗಳ ನಿಲ್ಲಲಿಲ್ಲ, ಇನ್ನೂ ನಲವತ್ತು ಕಾಮೆಂಟ್ ಬಂತು. ಆದರೆ ಅಲ್ಲಿಂದ ಮುಂದೆ ಅರ್ಧಕ್ಕರ್ಧ ಪಾರ್ಕಿಂಗ್ ಬಗ್ಗೆ.

ಅಂಗಡಿಯವರು ಎರಡು ತಿಂಗಳಿಗೆ ಪಕ್ಕದ ಜಾಗದವರಿಂದ ಮೂರು ಪಾರ್ಕಿಂಗ್ ಲೀಸಿಗೆ ಬರೆಸಿಕೊಂಡು ಬಂದರು. ಈ ಸಲ ಆಗಲಿ ಅಂತ ಮತ ಹಾಕಿದೆ. ಅದರ ಪಕ್ಕದಲ್ಲೇ ಈಗ ಇಂಡಿಯನ್ ಗ್ರಾಸರಿ ಇದೆ, ಕರಿಬೇವಿಗೆ, ಕೆಂಪಕ್ಕಿಗೆ ಶನಿವಾರ ಅಲ್ಲಿಗೇ ಹೋಗುತ್ತೇನೆ. ಪಾರ್ಕಿಂಗ್ ಇನ್ನೂ ಸಾಲುವುದಿಲ್ಲ.