ಮುಖಕ್ಕೆ ಬ್ಯಾನು, ಫೇಸ್ ಮಾಸ್ಕಿಗೆ ಆಫರ್ರು

2025ರ ನವೆಂಬರಲ್ಲಿ ತೈವಾನಿನ ತೈಪೆಯಲ್ಲಿ ಗೋಲ್ಡನ್ ಹಾರ್ಸ್ ಪ್ರಶಸ್ತಿ ಕೊಟ್ರಲ್ಲ, ಬೆಸ್ಟ್ ಆಕ್ಟ್ರೆಸ್ ಯಾರು ಅಂತ ಸಿನಿಮಾ ಹುಚ್ಚಿರೋ ಎಲ್ರಿಗೂ ಗೊತ್ತು, ಚೀನಾದ ಸರ್ಕಾರಿ ಟೀವಿಯೋರಿಗೆ ಮಾತ್ರ ಗೊತ್ತಿಲ್ಲ, ಪಾಪ ಅವತ್ತು ಕರೆಂಟ್ ಹೋಗಿತ್ತೇನೋ. ಫ್ಯಾನ್ ಬಿಂಗ್‌ಬಿಂಗ್‌ಗೆ ಬಂತು ಸ್ವಾಮಿ, ಮಲೇಷ್ಯಾದವರು ಮಾಡಿದ 'ಮದರ್ ಭೂಮಿ' ಅನ್ನೋ ಸಿನಿಮಾಗೆ. ಚೀನಾದಲ್ಲಿ ಹುಟ್ಟಿ ಬೆಳೆದ, ಒಂದು ಕಾಲದಲ್ಲಿ ಅಲ್ಲಿನ ಅತಿ ದುಬಾರಿ ನಟಿ ಅನ್ನಿಸಿಕೊಂಡು, 2018ರ ತೆರಿಗೆ ಕೇಸ್ ಆದ್ಮೇಲೆ ಅಲ್ಲಿನ ತೆರೆಯಿಂದಲೇ ಮಾಯ ಆದ ಹೆಂಗಸಿಗೆ ಚೀನೀ ಭಾಷೆ ಸಿನಿಮಾಗಳ ಅತಿ ದೊಡ್ಡ ಪ್ರಶಸ್ತಿ ಬಂದ್ರೆ ಊರಲ್ಲಿ ಒಬ್ಬ ಅಧಿಕಾರಿನೂ ಕೆಮ್ಮಲಿಲ್ಲ.

ಇದರಲ್ಲಿ ಒಂದು ಮಜಾ ಇದೆ ನೋಡಿ. 2018ರ ನವೆಂಬರಲ್ಲಿ ಇದೇ ಗೋಲ್ಡನ್ ಹಾರ್ಸ್ ವೇದಿಕೆ ಮೇಲೆ ಒಬ್ಬ ಡಾಕ್ಯುಮೆಂಟರಿ ನಿರ್ದೇಶಕಿ ತೈವಾನನ್ನ ಪ್ರತ್ಯೇಕವಾಗಿ ಗುರುತಿಸೋ ದಿನ ಬರಲಿ ಅಂದ್ಬಿಟ್ರು, ಚೀನಾಗೆ ಮೈಯೆಲ್ಲ ಉರಿ ಹತ್ಕೊಂಡಿತು, ಕಮ್ಯುನಿಸ್ಟ್ ಯುವ ಲೀಗಿನವರು ತೈವಾನನ್ನೂ ಸೇರಿಸಿದ ನಕ್ಷೆ ಹಾಕಿ ಚೀನಾ ಒಂದು ಚೂರೂ ಕಮ್ಮಿ ಆಗಂಗಿಲ್ಲ ಅಂದ್ರು. ಸ್ಟಾರ್‌ಗಳೆಲ್ಲ ಸಾಲಾಗಿ ನಿಂತು ಅದನ್ನ ಹಂಚಿಕೊಂಡ್ರು. ತೆರಿಗೆ ಕೇಸಲ್ಲಿ ಕ್ಷಮಾಪಣೆ ಬರೆದು ಬಾಯಿಗೆ ಬೀಗ ಹಾಕ್ಕೊಂಡಿದ್ದ ನಮ್ಮ ಬಿಂಗ್‌ಬಿಂಗಮ್ಮನೋರು ಕೂಡ ಅವತ್ತೇ ಬೀಗ ತೆಗೆದು ಆ ನಕ್ಷೆ ಹಾಕಿದ್ರು, ದೇಶಭಕ್ತಿ ಅಂದ್ರೆ ಹಂಗಿರಬೇಕು. ಮುಂದಿನ ವರ್ಷ ಚೀನಾ ಆ ಪ್ರಶಸ್ತಿಗೇ ಬಹಿಷ್ಕಾರ ಹಾಕ್ತು. ಈಗ ಏಳು ವರ್ಷ ಆದ್ಮೇಲೆ ಅಲ್ಲೇ ಬೆಸ್ಟ್ ಆಕ್ಟ್ರೆಸ್. ನಾನು ಕೇಳೋದಿಷ್ಟೇ, ಆ ನಕ್ಷೆ ಪ್ರಕಾರ ತೈಪೆ ಚೀನಾದ ಒಳಗೇ ಇದೆ ತಾನೇ? ಹಂಗಾದ್ರೆ ಪ್ರಶಸ್ತಿ ಕೊಟ್ಟಿದ್ದೂ ಚೀನಾನೇ ಆಯ್ತಲ್ಲ, ನಿಮ್ಮದೇ ಊರು, ನಿಮ್ಮದೇ ಹುಡುಗಿ, ಮೆರವಣಿಗೆ ಮಾಡೋದು ಬಿಟ್ಟು ಯಾಕ್ರೀ ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದೀರ?

ಬಿಂಗ್‌ಬಿಂಗಮ್ಮನ ಕೆರಿಯರ್ರೇ ಒಂದು ವಿಚಿತ್ರ. 2013ರಲ್ಲಿ 'ಐರನ್ ಮ್ಯಾನ್ 3' ಬಂದಾಗ ಹಾಲಿವುಡ್‌ನವರು ಚೀನಾದ ಮಾರ್ಕೆಟ್ ನೋಡಿ ಜೊಲ್ಲು ಸುರಿಸಿಕೊಂಡು, ಆಕೆನ ಹಾಕ್ಕೊಂಡು ಒಂದಷ್ಟು ಸೀನ್ ತೆಗೆದು ಬರೀ ಚೀನಾ ಪ್ರಿಂಟಿಗೆ ಸೇರಿಸಿದ್ರು, ಅದರ ಜೊತೆಗೇ ಯಾವುದೋ ಹಾಲಿನ ಕಂಪನಿ ಜಾಹೀರಾತೂ ಬಂತು. ಬೇರೆ ದೇಶದವರು ಯಾರೂ ಆ ಸೀನ್ ನೋಡಲೇ ಇಲ್ಲ. ಅಂದ್ರೆ ಆವಾಗ ಚೀನಾದವರಿಗೆ ಮಾತ್ರ ಕಾಣೋ ಹಾಲಿವುಡ್ ನಟಿ, ಈಗ ಚೀನಾದವರಿಗೆ ಮಾತ್ರ ಕಾಣದ ಚೀನೀ ನಟಿ. ನಡುವೆ 2014ರಲ್ಲಿ 'ಎಕ್ಸ್-ಮೆನ್' ಸಿನಿಮಾದಲ್ಲಿ ಬ್ಲಿಂಕ್ ಅನ್ನೋ ಪಾತ್ರ ಸಿಕ್ತು, ಗಾಳಿಯಲ್ಲಿ ಬಾಗಿಲು ತೆರೆದು ಒಂದು ಕಡೆ ಮಾಯ ಆಗಿ ಇನ್ನೊಂದು ಕಡೆ ಏಳೋಕೆ ದಾರಿ ಮಾಡೋ ಶಕ್ತಿ ಇರೋಳು. ಹಾಲಿವುಡ್‌ಗೆ ಭವಿಷ್ಯ ಗೊತ್ತಿತ್ತು ಅನ್ಸುತ್ತೆ.

ಹಂಗಂತ ಪೂರ್ತಿ ಬ್ಯಾನ್ ಅಂದ್ಕೋಬೇಡಿ. ಆಕೆದೊಂದು ಬ್ಯೂಟಿ ಬ್ರ್ಯಾಂಡ್ ಇದೆ, ಫ್ಯಾನ್ ಬ್ಯೂಟಿ ಅಂತ, ಮುಖಕ್ಕೆ ಅಂಟಿಸಿಕೊಳ್ಳೋ ಶೀಟ್ ಮಾಸ್ಕುಗಳು, ಚೀನಾದಲ್ಲೇ ಭರ್ಜರಿಯಾಗಿ ಮಾರಾಟ ಆಗ್ತವೆ. ಆಕೆ ಮುಖ ತೆರೆ ಮೇಲೆ ಬಂದ್ರೆ ಸಮಾಜ ಕೆಟ್ಟೋಗುತ್ತೆ, ಆಕೆ ಹೆಸರಿನ ಮಾಸ್ಕನ್ನ ಇಡೀ ಸಮಾಜ ಮುಖಕ್ಕೆ ಮೆತ್ಕೊಂಡು ಮಲಗಿದ್ರೆ ಏನೂ ಆಗಲ್ಲ. ನೈತಿಕತೆಗೆ ಜಿಎಸ್‌ಟಿ ತರ ಬೇರೆ ಬೇರೆ ಸ್ಲ್ಯಾಬ್ ಇದೆ ಅಂತ ಇವತ್ತು ಗೊತ್ತಾಯ್ತು.

ಆಕೆ ಮೈಯನ್ನ ತುಂಡು ತುಂಡಾಗಿ ಸೆನ್ಸಾರ್ ಮಾಡೋದು ಹೊಸದೇನಲ್ಲ ಬಿಡಿ. 'ದಿ ಎಂಪ್ರೆಸ್ ಆಫ್ ಚೈನಾ' ಸೀರಿಯಲ್ ನೆನಪಿದ್ಯಾ, ಚೀನಾದ ಇತಿಹಾಸದಲ್ಲಿ ಗಂಡಸರನ್ನೆಲ್ಲ ಬದಿಗೆ ತಳ್ಳಿ ತಾನೇ ಸಿಂಹಾಸನ ಏರಿದ ಒಬ್ಬಳೇ ಮಹಾರಾಣಿ ವೂ ಜೆತಿಯಾನ್ ಕಥೆ, ಬಿಂಗ್‌ಬಿಂಗಮ್ಮನೇ ರಾಣಿ, 2014ರ ಡಿಸೆಂಬರಲ್ಲಿ ಹುನಾನ್ ಟೀವಿಯಲ್ಲಿ ಶುರು ಆಯ್ತು. ಒಂದು ವಾರ ಆಗೋಷ್ಟರಲ್ಲಿ ತಾಂತ್ರಿಕ ಕಾರಣ ಅಂತ ನಿಂತೋಯ್ತು. ಹೊಸ ವರ್ಷದ ದಿನ ವಾಪಸ್ ಬಂತು ನೋಡಿ, ಏನಾಗಿತ್ತು ಅಂದ್ರೆ ತಾಂಗ್ ಕಾಲದ ಉಡುಗೆಯಲ್ಲಿ ಎದೆಭಾಗ ಸ್ವಲ್ಪ ಕಾಣ್ತಿತ್ತಲ್ಲ, ಅದೆಲ್ಲ ಕಟ್. ಕಟ್ ಅಂದ್ರೆ ಸೀನ್ ಕಟ್ ಅಲ್ಲ, ಫ್ರೇಮೇ ಕಟ್, ಝೂಮ್ ಮಾಡಿ ಝೂಮ್ ಮಾಡಿ ಕತ್ತಿನಿಂದ ಮೇಲೆ ಮಾತ್ರ ಉಳಿಸಿಬಿಟ್ರು. ಅರಮನೆ ಇಲ್ಲ, ಒಡವೆ ಇಲ್ಲ, ಕೋಟಿಗಟ್ಟಲೆ ಖರ್ಚು ಮಾಡಿ ಹೊಲಿಸಿದ ಬಟ್ಟೆ ಇಲ್ಲ, ಟೀವಿ ತುಂಬ ಬರೀ ತಲೆಗಳು. ರಾಣಿ ತಲೆ ಮಾತಾಡುತ್ತೆ, ಇನ್ನೊಂದು ರಾಣಿ ತಲೆ ಅಳುತ್ತೆ, ದಾಸಿ ತಲೆ ಓಡಿ ಬಂದು ಸುದ್ದಿ ಹೇಳುತ್ತೆ. ಪಾಸ್‌ಪೋರ್ಟ್ ಫೋಟೋಗಳೇ ಸೇರಿ ನಾಟಕ ಆಡಿದಂಗೆ. ಚೀನಾದ ಜನ ಬಿದ್ದು ಬಿದ್ದು ನಕ್ಕರು, ದೊಡ್ಡ ತಲೆ ರಾಣಿ ಅಂತ ಹೆಸರಿಟ್ರು. ಒಂದು ಹೆಂಗಸು ಸಾವಿರದ ಮುನ್ನೂರು ವರ್ಷದ ಹಿಂದೆ ಒಂದು ಸಾಮ್ರಾಜ್ಯನೇ ಆಳಿದ್ಲು, ಅವಳ ಕಥೆಯಲ್ಲಿ ಇವರ ಕಣ್ಣಿಗೆ ಬಿದ್ದಿದ್ದು ಅದೊಂದೇ. 2010ರಲ್ಲಿ ಇದೇ ನಟಿ ಕಾನ್ ಫೆಸ್ಟಿವಲ್ ರೆಡ್ ಕಾರ್ಪೆಟ್ ಮೇಲೆ ಹಳದಿ ಗೌನಲ್ಲಿ ಡ್ರ್ಯಾಗನ್ ಬಿಡಿಸಿಕೊಂಡು ನಡೆದಾಗ ಅದು ದೇಶದ ಹೆಮ್ಮೆ. ಅವತ್ತು ಫ್ರೇಮ್ ಕಟ್ ಮಾಡೋ ಯೋಚನೆ ಯಾರಿಗೂ ಬರಲಿಲ್ಲ.

ಸರಿ, 2018ಕ್ಕೆ ಬರೋಣ. ಕಥೆ ನಿಮಗೆ ಗೊತ್ತಿರೋದೇ. ಚ್ವೀ ಯೊಂಗ್‌ಯುವಾನ್ ಅಂತ ಸರ್ಕಾರಿ ಟೀವಿಯ ಮಾಜಿ ಆಂಕರ್, 2003ರಲ್ಲಿ 'ಸೆಲ್ ಫೋನ್' ಅನ್ನೋ ಸಿನಿಮಾದಲ್ಲಿ ಹೆಂಡತಿಗೆ ಮೋಸ ಮಾಡೋ ಟೀವಿ ಆಂಕರ್ ಪಾತ್ರ ತನ್ನದೇ ಅಂತ ಸಿಟ್ಟು, ಅದರಲ್ಲಿ ಬಿಂಗ್‌ಬಿಂಗಮ್ಮ ಪ್ರೇಯಸಿ ಪಾತ್ರ. ಹದಿನೈದು ವರ್ಷ ಆ ಸಿಟ್ಟನ್ನ ಉಪ್ಪಿನಕಾಯಿ ಹಾಕಿಟ್ಟಿದ್ದ ಪುಣ್ಯಾತ್ಮ, ಎರಡನೇ ಭಾಗ ತೆಗೀತಾರೆ ಅಂದ ತಕ್ಷಣ ತೆರಿಗೆಯವರಿಗೆ ತೋರಿಸೋಕೆ ಒಂದು ಬಿಳಿ, ನಿಜವಾದ ಸಂಬಳಕ್ಕೆ ಒಂದು ಕಪ್ಪು ಅಂತ ಈಕೆಗೆ ಎರಡೆರಡು ಕಾಂಟ್ರಾಕ್ಟ್ ಇದ್ಯಂತೆ ನೋಡ್ರಪ್ಪ ಅಂತ ಕಾಗದ ಹಾಕಿಬಿಟ್ಟ. ಕತೆ ಬರೆದವನು ಗಂಡಸು, ನಿರ್ದೇಶಕ ಗಂಡಸು, ಮೋಸ ಮಾಡೋ ಪಾತ್ರ ಗಂಡಸಿಂದು, ಸಿಟ್ಟು ಹೋಗಿ ತಗಲಿದ್ದು ಯಾರಿಗೆ ಅಂತ ಮತ್ತೆ ಹೇಳಬೇಕಾ.

ಜುಲೈ 1ಕ್ಕೆ ಟಿಬೆಟ್‌ನಲ್ಲಿ ಮಕ್ಕಳ ಆಸ್ಪತ್ರೆಗೆ ಹೋಗಿದ್ದು ಕಂಡಿತ್ತು, ಅಷ್ಟೇ, ಆಮೇಲೆ ಆಸಾಮಿನೇ ಇಲ್ಲ. ಚೀನಾದ ಟ್ವಿಟರ್ ತರ ಇರೋ ವೀಬೋದಲ್ಲಿ 6 ಕೋಟಿಗೂ ಮೇಲೆ ಫಾಲೋವರ್ಸ್ ಇರೋ ಹೆಂಗಸು ನಾಪತ್ತೆ. ಎಲ್ಲಿದ್ದಾರೆ ಅಂತ ಕೇಳಿದ್ರೆ ವಿದೇಶಾಂಗ ಇಲಾಖೆ ವಕ್ತಾರ ಇದು ವಿದೇಶಾಂಗ ಪ್ರಶ್ನೆ ಅನ್ಸುತ್ತಾ ನಿಮಗೆ ಅಂತ ವಾಪಸ್ ಕೇಳಿದ. ಆ ಸೀಸನ್ನೇ ಹಂಗಿತ್ತು ಬಿಡಿ, ಅದೇ ಸೆಪ್ಟೆಂಬರಲ್ಲಿ ಇಂಟರ್‌ಪೋಲ್ ಅಧ್ಯಕ್ಷ ಮೆಂಗ್ ಹಾಂಗ್‌ವೇಯೇ ಚೀನಾಗೆ ಹೋದವರು ನಾಪತ್ತೆ. ಇಡೀ ಜಗತ್ತಿನಲ್ಲಿ ತಲೆಮರೆಸಿಕೊಂಡವರನ್ನ ಹುಡುಕಿಕೊಡೋ ಸಂಸ್ಥೆಯ ಮುಖ್ಯಸ್ಥನನ್ನ ಹುಡುಕಿಕೊಡಿ ಅಂತ ಅವರ ಹೆಂಡತಿ ಫ್ರಾನ್ಸ್ ಪೊಲೀಸರ ಹತ್ರ ಹೋಗಬೇಕಾಯ್ತು.

ಬಿಂಗ್‌ಬಿಂಗಮ್ಮ ಪತ್ತೆ ಇಲ್ಲದ ಹೊತ್ತಲ್ಲೇ ಬೀಜಿಂಗ್ ನಾರ್ಮಲ್ ಯೂನಿವರ್ಸಿಟಿಯವರು ಒಂದು ರಿಪೋರ್ಟ್ ಬಿಟ್ರು, ಸಿನಿಮಾ ತಾರೆಯರ ಸಾಮಾಜಿಕ ಜವಾಬ್ದಾರಿ ಅಂತ, 100 ಜನಕ್ಕೆ ಮಾರ್ಕ್ಸ್. ಪಾಸ್ ಆದವರು 9 ಜನ. ನಮ್ಮವರಿಗೆ ಬಂದಿದ್ದು 0. ಹತ್ತಲ್ಲ ಐದಲ್ಲ, ಸೊನ್ನೆ. ಹೆಸರು ಬರೆದಿದ್ದಕ್ಕೆ, ಮಾರ್ಜಿನ್ ಎಳೆದಿದ್ದಕ್ಕೆ ಕೂಡ ಅರ್ಧ ಮಾರ್ಕ್ ಇಲ್ಲ. ಟಿಬೆಟ್‌ನಲ್ಲಿ ಹುಟ್ಟುವಾಗಲೇ ಹೃದಯದ ತೊಂದರೆ ಇರೋ ಮಕ್ಕಳ ಆಪರೇಷನ್‌ಗೆ ಅಂತ ಈಕೆ ಕೈಜೋಡಿಸಿ ನಡೆಸಿಕೊಂಡು ಬಂದ ಚಾರಿಟಿ ಇದೆ, ಆ ಮಕ್ಕಳ ಹೃದಯ ಸಿಲಬಸ್‌ನಲ್ಲಿ ಇರಲಿಲ್ಲ ಅನ್ಸುತ್ತೆ. ಪರೀಕ್ಷೆ ಬರೆಯೋ ಹುಡುಗಿನ ಎಲ್ಲೋ ಕೂಡಿ ಹಾಕಿ ಆಮೇಲೆ ಸೊನ್ನೆ ಕೊಡೋ ಮೇಷ್ಟ್ರುಗಳನ್ನ ಇಲ್ಲಿಯವರೆಗೂ ನೋಡಿರಲಿಲ್ಲ.

ಅಕ್ಟೋಬರ್ 3ಕ್ಕೆ ತಪ್ಪೊಪ್ಪಿಗೆ ಬಂತು. ಪಾರ್ಟಿ ಮತ್ತು ದೇಶದ ಒಳ್ಳೆ ನೀತಿಗಳಿಲ್ಲದಿದ್ರೆ, ಜನರ ಪ್ರೀತಿ ಇಲ್ಲದಿದ್ರೆ ಫ್ಯಾನ್ ಬಿಂಗ್‌ಬಿಂಗ್ ಅನ್ನೋಳೇ ಇರ್ತಿರಲಿಲ್ಲ ಅಂತ ಬರೆದಿದ್ರು. ತೆರಿಗೆ ಬಾಕಿ, ಬಡ್ಡಿ, ದಂಡ ಎಲ್ಲ ಸೇರಿ 88 ಕೋಟಿ ಯುವಾನ್ ಮೇಲೆ, ನಮ್ಮ ದುಡ್ಡಲ್ಲಿ ಆಗ 900 ಕೋಟಿಗೂ ಜಾಸ್ತಿ. ಕಟ್ಟಿದ್ರೆ ಕ್ರಿಮಿನಲ್ ಕೇಸ್ ಇಲ್ಲ, ಮೊದಲ ಸಲ ಸಿಕ್ಕಿಬಿದ್ದಿದ್ದಲ್ವಾ. ಕಟ್ಟಿದ್ರು.

ನೋಡಿ, ತೆರಿಗೆ ಕದ್ದಿದ್ದು ಕದ್ದಿದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. 'ಏರ್ ಸ್ಟ್ರೈಕ್' ಸಿನಿಮಾ ಒಂದರಲ್ಲೇ 3 ಕೋಟಿ ಯುವಾನ್ ತಗೊಂಡು 1 ಕೋಟಿಗೆ ಮಾತ್ರ ಲೆಕ್ಕ ತೋರಿಸಿದ್ರು ಅಂತ ತೆರಿಗೆ ಇಲಾಖೆನೇ ಹೇಳಿದೆ. ಸಂಬಳದಲ್ಲಿ ಟಿಡಿಎಸ್ ಕಟ್ ಮಾಡಿಸಿಕೊಳ್ಳೋ ನನ್ನಂಥವನಿಗೆ ಕೋಟ್ಯಧಿಪತಿ ನಟಿ ಮೇಲೆ ಅಯ್ಯೋ ಪಾಪ ಅನ್ನಿಸೋ ಅಗತ್ಯ ಇಲ್ಲ. ಆದ್ರೆ ಖೋರ್ಗೋಸ್ ಅಂತ ಒಂದು ಊರಿದೆ, ಕಝಾಕಿಸ್ತಾನದ ಗಡೀಲಿ, ಐದು ವರ್ಷ ಕಂಪನಿ ತೆರಿಗೆ ಇಲ್ಲ ಬನ್ರಪ್ಪ ಅಂತ ಸರ್ಕಾರನೇ ಕೈ ಬೀಸಿ ಕರೆದಿದ್ದು, ಸ್ಟುಡಿಯೋ ಇಲ್ಲ, ಶೂಟಿಂಗ್ ಇಲ್ಲ, ಒಂದು ಕ್ಯಾಮೆರಾ ಸ್ಟ್ಯಾಂಡ್ ಕೂಡ ಇಲ್ಲದ ಕಡೆ ನೂರಾರು ಸಿನಿಮಾ ಕಂಪನಿಗಳ ಬೋರ್ಡು. ಈ ಗಲಾಟೆ ಆದ್ಮೇಲೆ ಅವು ಸಾಲುಗಟ್ಟಿ ಬಾಗಿಲು ಹಾಕಿದ್ವು. ಆಮೇಲೆ ಇಲಾಖೆಯವರು ನೀವೇ ಲೆಕ್ಕ ನೋಡ್ಕೊಂಡು ಕಟ್ಟಿ ಅಂದಾಗ ಇಡೀ ಸಿನಿಮಾ ಟೀವಿ ಇಂಡಸ್ಟ್ರಿಯಿಂದ ಹೊರಬಿದ್ದಿದ್ದು 1,170 ಕೋಟಿ ಯುವಾನ್‌ಗೂ ಹೆಚ್ಚು. ಅಂದ್ರೆ ಎಲ್ರೂ ಕದೀತಿದ್ರು. ಎರಡು ಕಾಂಟ್ರಾಕ್ಟ್ ಬರೆದ ನಿರ್ಮಾಪಕ ಇದ್ದ, ಕೋಟಿ ಕೋಟಿ ಸುರಿದು ರೇಟ್ ಏರಿಸಿದ ವಿಡಿಯೋ ಆ್ಯಪ್‌ನವರಿದ್ರು, ಕಣ್ಮುಚ್ಚಿ ಸೀಲ್ ಒತ್ತಿದ ಅಧಿಕಾರಿ ಇದ್ದ. ಅವರ ಯಾರ ಮುಖನೂ ನಮಗೆ ಗೊತ್ತಿಲ್ಲ, ಈಕೆ ಮುಖ ಮಾತ್ರ ಗೊತ್ತಿತ್ತು. ಅಷ್ಟಕ್ಕೇ ಈಕೆ. ದುಡ್ಡು ಕಟ್ಟಿಸಿಕೊಂಡ್ರು, ಕ್ಷಮಾಪಣೆ ಬರೆಸಿಕೊಂಡ್ರು, ಎಲ್ಲಿಟ್ಟಿದ್ರಿ ಅಂತ ಇವತ್ತಿನವರೆಗೂ ಒಬ್ಬರೂ ಬಾಯಿ ಬಿಡಲ್ಲ, ಕೇಳೋ ಹಂಗೂ ಇಲ್ಲ. ಇದನ್ನ ಓದಿ ಓದಿ ನಗು ಬರೋದೂ ನಿಂತೋಗಿದೆ.

2021ರ ಆಗಸ್ಟಲ್ಲಿ ಇನ್ನೊಬ್ಬ ಸ್ಟಾರ್ ನಟಿ ಜಾವೋ ವೇ ಸರದಿ ಬಂತು. ಇಬ್ರೂ 1998ರ 'ಮೈ ಫೇರ್ ಪ್ರಿನ್ಸೆಸ್' ಸೀರಿಯಲ್ಲಿಂದ ಹೆಸರು ಮಾಡಿದವರು, ಜಾವೋ ವೇ ಅದರಲ್ಲಿ ರಾಜಕುಮಾರಿ, ಬಿಂಗ್‌ಬಿಂಗ್ ಕೆಲಸದ ಹುಡುಗಿ. ಒಂದು ರಾತ್ರಿ ಬೆಳಗಾಗೋದ್ರೊಳಗೆ ಜಾವೋ ವೇ ಹೆಸರನ್ನ ವಿಡಿಯೋ ಸೈಟ್‌ಗಳ ಪಾತ್ರವರ್ಗದಿಂದಲೇ ಅಳಿಸಿದ್ರು. ಯಾಕೆ ಅಂತ ಹೇಳಲಿಲ್ಲ. ದಾಸಿಗೆ ಕನಿಷ್ಠ ಬಿಲ್ ಕೊಟ್ಟಿದ್ರು, ರಾಜಕುಮಾರಿಗೆ ಅದೂ ಇಲ್ಲ.

2016ರಲ್ಲಿ ಬಿಂಗ್‌ಬಿಂಗಮ್ಮ 'ಐ ಆ್ಯಮ್ ನಾಟ್ ಮೇಡಂ ಬೋವರಿ' ಅಂತ ಒಂದು ಸಿನಿಮಾ ಮಾಡಿದ್ರು, ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್ ಫೆಸ್ಟಿವಲ್‌ನಲ್ಲಿ ಬೆಸ್ಟ್ ಆಕ್ಟ್ರೆಸ್, ಮುಂದಿನ ವರ್ಷ ಚೀನಾದ್ದೇ ಗೋಲ್ಡನ್ ರೂಸ್ಟರ್ ಕೂಡ ಬಂತು, ಅವಾಗೆಲ್ಲ ಕರೆಂಟ್ ಇತ್ತು. ಗಂಡನ ಮಾತು ನಂಬಿ ಸುಳ್ಳು ಡೈವೋರ್ಸ್ ತಗೊಂಡು ಮೋಸ ಹೋದ ಹಳ್ಳಿ ಹೆಂಗಸು ಲೀ ಶುಯೆಲಿಯನ್, ಅರ್ಜಿ ಹಿಡ್ಕೊಂಡು ಜಡ್ಜ್ ಹತ್ರ, ಕೌಂಟಿ ಸಾಹೇಬ್ರ ಹತ್ರ, ಮೇಯರ್ ಹತ್ರ, ಕೊನೆಗೆ ಬೀಜಿಂಗ್‌ವರೆಗೂ ಹೋಗ್ತಾಳೆ, ವರ್ಷಗಟ್ಟಲೆ ಅಲೀತಾಳೆ, ನಡುವೆ ಒಂದಷ್ಟು ಅಧಿಕಾರಿಗಳ ಕುರ್ಚಿನೂ ಹಾರಿಸ್ತಾಳೆ. ಪಾತ್ರಕ್ಕಾದ್ರೂ ಆ ಭಾಗ್ಯ ಇತ್ತು. ನಟಿ ಹೆಸರು ಹಾಕಿ ಬ್ಯಾನ್ ಅಂತ ಬರೆದ ಒಂದು ಆರ್ಡರ್ ಕಾಪಿನ ಇಷ್ಟು ವರ್ಷದಲ್ಲಿ ಯಾರೂ ಕಂಡಿಲ್ಲ, ಸಹಿ ಯಾರದ್ದು ಅಂತ ಗೊತ್ತಿಲ್ಲ, ಎಷ್ಟು ದಿನ ಅಂತಲೂ ಇಲ್ಲ, ಹಿಂಗಿರೋವಾಗ ಅಪೀಲು ಹಾಕೋಕೆ ಯಾವ ಆಫೀಸು, ಯಾವ ಕಿಟಕಿ, ಯಾವ ಗುಮಾಸ್ತ ಅಂತ ಆಕೆ ಹುಡುಕಬೇಕು?