ಕಿವಿಗೆ ನಿಷೇಧ, ಪೆಟ್ಟಿಗೆಗೆ ಪೂಜೆ

ಒಂದೇ ಒಂದು ಅಪಸ್ವರವೂ ಇಲ್ಲವೆಂದು ಧೈರ್ಯವಾಗಿ ಹೇಳಬಹುದಾದ ಹಿಪ್-ಹಾಪ್ ಆಲ್ಬಂ ಇದ್ದರೆ ಅದು ನ್ಯೂಯಾರ್ಕಿನ ವೂ-ಟ್ಯಾಂಗ್ ಕ್ಲಾನ್ ತಂಡದ ‘ಒನ್ಸ್ ಅಪಾನ್ ಎ ಟೈಮ್ ಇನ್ ಶಾವೊಲಿನ್’ ಮಾತ್ರ. ಅದನ್ನು ಪೂರ್ತಿ ಕೇಳಿ ತಪ್ಪು ಹಿಡಿಯುವ ಅವಕಾಶವನ್ನು ತಂಡದವರು ಲೋಕಕ್ಕೆ ಕೊಟ್ಟೇ ಇಲ್ಲ. ಆರು ವರ್ಷ ಗುಟ್ಟಾಗಿ ಧ್ವನಿಮುದ್ರಿಸಿದ 31 ಹಾಡುಗಳನ್ನು ಎರಡು ಸಿ.ಡಿ.ಗಳಿಗೆ ಇಳಿಸಿ, ಒಂದೇ ಒಂದು ಪ್ರತಿ ಮಾಡಿ, ಕೆತ್ತನೆಯ ಬೆಳ್ಳಿ ಪೆಟ್ಟಿಗೆಯಲ್ಲಿಟ್ಟು, ಮೊರಾಕ್ಕೋದ ಮರ್ರಾಕೇಶ್ ನಗರದ ತಿಜೋರಿಯೊಂದರಲ್ಲಿ ಭದ್ರಪಡಿಸಿದರು. ಜೊತೆಗೆ ಚರ್ಮದ ಹೊದಿಕೆಯ 174 ಪುಟಗಳ ಪುಸ್ತಕವನ್ನೂ ಇರಿಸಿದರು. ಹಾಡಿನ ಆಲ್ಬಂನಲ್ಲಿ ಹಾಡುಗಳನ್ನು ಬಿಟ್ಟು ಮಿಕ್ಕೆಲ್ಲವೂ ಕಣ್ಣಿಗೆ ಬೀಳುವಂತಿತ್ತು.

ಇದು ಈಜಿಪ್ಟಿನ ಅರಸನ ರಾಜದಂಡವಿದ್ದಂತೆ ಎಂದು ತಂಡದ ನಾಯಕ ಆರ್‌ಜಡ್‌ಎ 2014ರಲ್ಲಿ ವಿವರಿಸಿದರು. ರಾಜದಂಡವೂ ಹಾಡುವುದಿಲ್ಲವಾದ್ದರಿಂದ ಹೋಲಿಕೆಯನ್ನು ಒಪ್ಪಲೇಬೇಕು. ಆದರೆ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿ, ಬೀದಿದೀಪದ ಕಂಬದಿಂದ ಕರೆಂಟು ಎಳೆದುಕೊಂಡು ಇಡೀ ಬಡಾವಣೆಗೆ ಬಿಟ್ಟಿಯಾಗಿ ಕುಣಿತ ಕೊಟ್ಟ ಸಂಗೀತ ಹಿಪ್-ಹಾಪ್. ಯಾರದೋ ಹಳೆಯ ರೆಕಾರ್ಡಿನ ನಾಲ್ಕು ಸೆಕೆಂಡನ್ನು ಕತ್ತರಿಸಿ, ತಿರುತಿರುಗಿಸಿ, ಅದರ ಮೇಲೆ ತನ್ನ ಮಾತನ್ನು ಹೆಣೆಯುವುದೇ ಇದರ ಕಸುಬು. ಊರಿನ ಹಾಲನ್ನೆಲ್ಲ ತಂದು ಮೊಸರು ಮಾಡಿದವನು ಕೊನೆಗೆ ಗಡಿಗೆಗೆ ಬೀಗ ಹಾಕಿ, ಮೊಸರಿನ ಘನತೆ ಕಾಪಾಡುತ್ತಿದ್ದೇನೆ ಎಂದರೆ ಹಾಲು ಕೊಟ್ಟವರು ಏನೆಂದುಕೊಳ್ಳಬೇಕು?

ಪೆಟ್ಟಿಗೆಗೆ ತಕ್ಕ ಯಜಮಾನನೂ 2015ರಲ್ಲಿ ಸಿಕ್ಕಿದ. 20 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡವನು ಮಾರ್ಟಿನ್ ಶ್ಕ್ರೆಲಿ, ಅಂದರೆ ಡಾರಾಪ್ರಿಮ್ ಎಂಬ ಮಾತ್ರೆಯ ಬೆಲೆಯನ್ನು ಹದಿಮೂರೂವರೆ ಡಾಲರಿನಿಂದ 750 ಡಾಲರಿಗೆ ಏರಿಸಿದ ಮಹಾಶಯ. ಮಾತ್ರೆಯ ಸುದ್ದಿ ಹೊರಬೀಳುವ ಮೊದಲೇ ಮಾರಾಟದ ಮಾತಾಗಿತ್ತು, ಹಣದ ದೊಡ್ಡ ಪಾಲನ್ನು ದಾನಕ್ಕೆ ಕೊಡುತ್ತೇವೆ ಎಂದು ಆರ್‌ಜಡ್‌ಎ ಸಮಜಾಯಿಷಿ ನೀಡಿದರು. ಅಷ್ಟು ಮುಜುಗರಪಡಬೇಕಾದ ಅಗತ್ಯವಿರಲಿಲ್ಲ. ಬೇಕಾದವರ ಕೈಗೆಟುಕದಂತೆ ಮಾಡಿದರೆ ವಸ್ತುವಿನ ಬೆಲೆ ತಾನಾಗಿ ಏರುತ್ತದೆ ಎಂಬ ತತ್ತ್ವವನ್ನು ಮಾರಿದವರೂ ಕೊಂಡವನೂ ಸಮಾನ ಶ್ರದ್ಧೆಯಿಂದ ಪಾಲಿಸಿದ್ದರು.

ಅನಂತರ ಶ್ಕ್ರೆಲಿ ಹೂಡಿಕೆ ವಂಚನೆಯ ಮೊಕದ್ದಮೆಯಲ್ಲಿ ಅಪರಾಧಿಯೆನಿಸಿ ಏಳು ವರ್ಷಗಳ ಶಿಕ್ಷೆ ಪಡೆದ. ಆಲ್ಬಂ ಜಪ್ತಿಯಾಗಿ, ನಿಧಿ ಕಾಯುವ ಸರ್ಪದ ಕೆಲಸ ಅಮೆರಿಕದ ಸರ್ಕಾರದ ಪಾಲಿಗೆ ಬಂತು. ಸರ್ಕಾರ 2021ರಲ್ಲಿ ಅದನ್ನು ಮಾರಿತು, ಪ್ಲೀಸರ್‌ಡಿಎಒ ಎಂಬ ಡಿಜಿಟಲ್ ಕೂಟ 40 ಲಕ್ಷ ಡಾಲರಿಗೆ ಕೊಂಡಿತು. ಯಾರೂ ಕೇಳದ ಹಾಡಿನ ಬೆಲೆ ಆರು ವರ್ಷಗಳಲ್ಲಿ ಇಮ್ಮಡಿಯಾಯಿತು.

ಮೂಲ ಒಪ್ಪಂದದ ಪ್ರಕಾರ ಆಲ್ಬಂ ಅನ್ನು 88 ವರ್ಷ, ಅಂದರೆ 2103ರವರೆಗೆ, ವಾಣಿಜ್ಯವಾಗಿ ಬಿಡುಗಡೆ ಮಾಡುವಂತಿರಲಿಲ್ಲ. 2024ರಲ್ಲಿ ಹೊಸ ಯಜಮಾನರು ದಯೆ ತೋರಿ, ಒಂದು ಡಾಲರ್ ತೆತ್ತರೆ ಆ ಅವಧಿಯಲ್ಲಿ 88 ಸೆಕೆಂಡ್ ಕಡಿಮೆಯಾಗುತ್ತದೆ ಎಂದರು. ಕಾಗದ-ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ಆಗ ಉಳಿದಿದ್ದ ಕಾಲವನ್ನೆಲ್ಲ ಕೊಂಡು ಮುಗಿಸಲು 2 ಕೋಟಿ 80 ಲಕ್ಷಕ್ಕೂ ಹೆಚ್ಚು ಡಾಲರ್ ಬೇಕಿತ್ತು. ಅದೇ ವರ್ಷ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದ ವಸ್ತುಸಂಗ್ರಹಾಲಯವೊಂದರಲ್ಲಿ ಆಯ್ದ ಜನರಿಗೆ ಅರ್ಧ ಗಂಟೆಯ ತುಣುಕುಗಳನ್ನು ಕೇಳಿಸಿದರು. ಪುರಾತನ ಮಡಕೆ, ಮಮ್ಮಿಗಳ ಪಕ್ಕದಲ್ಲಿ ಇದಕ್ಕೂ ಜಾಗ ಸಿಕ್ಕಿದ್ದು ಸಹಜವೇ.

ಇಷ್ಟೆಲ್ಲ ಕಾವಲಿನ ನಡುವೆ ಒಂದು ಎಡವಟ್ಟಾಗಿತ್ತು. ಶ್ಕ್ರೆಲಿ ಪೆಟ್ಟಿಗೆ ಕೈಬಿಡುವ ಮೊದಲೇ ಹಾಡುಗಳನ್ನು ನಕಲು ಮಾಡಿಟ್ಟುಕೊಂಡಿದ್ದ, ಎರಡು ಸಿ.ಡಿ. ಇದ್ದವನು ಬೇರೇನು ಮಾಡಿಯಾನು? ಕೂಟದವರು ದಾವೆ ಹೂಡಿದರು. ನಕಲುಗಳನ್ನೆಲ್ಲ ಒಪ್ಪಿಸಬೇಕು, ಯಾರಾರಿಗೆ ಹಂಚಿದ್ದೀಯೆಂಬ ವಿವರವನ್ನೂ ಕೊಡಬೇಕು ಎಂದು ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಅವನಿಗೆ ಆದೇಶಿಸಿತು. ಆಲ್ಬಂ ತಯಾರಾಗಿ ದಶಕ ಕಳೆದ ಮೇಲೆ ಅದರ ಶ್ರೋತೃಗಳ ಹೆಸರುಗಳನ್ನು ಆಸಕ್ತಿಯಿಂದ ವಿಚಾರಿಸುವವರು ಕೊನೆಗೂ ಸಿಕ್ಕಿದ್ದಾರೆ; ವಕೀಲರು.