ನುಂಗಲಾಗದವರ ಬಾಯಿ ಸ್ವಚ್ಛವಾಗಿಡುವುದೂ ಚಿಕಿತ್ಸೆಯೇ

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವುದು ಕಷ್ಟವಾಗುತ್ತದೆ. ಅಂಥವರಿಗೆ ನ್ಯುಮೋನಿಯಾ ಬಂದರೆ, ಊಟ ಶ್ವಾಸನಾಳಕ್ಕೆ ಹೋಗಿರಬೇಕೆಂದು ಮನೆಯವರು ಭಾವಿಸುತ್ತಾರೆ. ಆದರೆ ಶ್ವಾಸಕೋಶಕ್ಕೆ ಇಳಿಯುವುದು ಅನ್ನ, ನೀರು ಮಾತ್ರವಲ್ಲ. ಹಗಲಿರುಳು ಬಾಯಲ್ಲಿ ಊರುತ್ತಲೇ ಇರುವ ಎಂಜಲೂ ಇಳಿಯುತ್ತದೆ. ಹುಳುಕು ಹಲ್ಲು, ಕೀವು ತುಂಬಿದ ವಸಡು, ಬಿಳಿ ಪದರ ಕಟ್ಟಿದ ನಾಲಿಗೆ ಇದ್ದರೆ ಅಲ್ಲಿನ ಬ್ಯಾಕ್ಟೀರಿಯಾಗಳೂ ಅದರ ಜೊತೆಗೇ ಹೋಗುತ್ತವೆ.

ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದ ಮೇಲೆ ಬಾಯಿಗೆ ಏನೂ ಹೋಗುತ್ತಿಲ್ಲವಾದ್ದರಿಂದ ಹಲ್ಲುಜ್ಜುವ ಅಗತ್ಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ವಾಸ್ತವ ಇದಕ್ಕೆ ತೀರಾ ವಿರುದ್ಧ. ಅಗಿಯುವುದು ನಿಂತಾಗ ಎಂಜಲು ಕಡಿಮೆಯಾಗುತ್ತದೆ. ಬಾಯಿಯಿಂದಲೇ ಉಸಿರಾಡುವುದರಿಂದಲೂ ಕೆಲವು ಔಷಧಗಳಿಂದಲೂ ಬಾಯಿ ಒಣಗಿ, ಅಂಗುಳಿನ ಮೇಲೆ ಕಫ ಹಕ್ಕಳೆಗಟ್ಟುತ್ತದೆ. ಟ್ಯೂಬು ಹೊಟ್ಟೆಗೆ ಆಹಾರ ಮುಟ್ಟಿಸುತ್ತದೆಯೇ ಹೊರತು ಎಂಜಲು ಶ್ವಾಸನಾಳಕ್ಕೆ ಜಾರುವುದನ್ನು ತಡೆಯುವುದಿಲ್ಲ. ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದಲ್ಲ ಎಂದು ಧೈರ್ಯವಾಗಿರುವಂತೆಯೂ ಇಲ್ಲ, ಏಕೆಂದರೆ ಗಂಟಲಿನ ಸ್ಪರ್ಶವೇ ಮಂದವಾದವರಲ್ಲಿ ಕೆಮ್ಮಿನ ಸುಳಿವೂ ಇಲ್ಲದೆ ಇದು ನಡೆದುಹೋಗಬಹುದು.

ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ವಿವರವಾಗಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿ ಊಟದ ನಂತರ ಆರೈಕೆಯವರಿಂದ ಹಲ್ಲುಜ್ಜಿಸಿಕೊಂಡ ಹಿರಿಯರಲ್ಲಿ ಶೇ. 11ರಷ್ಟು ಮಂದಿಗೆ ನ್ಯುಮೋನಿಯಾ ಬಂದಿತು. ಆ ಆರೈಕೆ ಸಿಗದವರಲ್ಲಿ ಶೇ. 19ರಷ್ಟು ಮಂದಿಗೆ ಬಂದಿತು. ಅದು ವೃದ್ಧಾಶ್ರಮದ ಲೆಕ್ಕ, ಆಸ್ಪತ್ರೆಯದಲ್ಲ. ಆದರೂ ಬ್ರಷ್ಷಿನಂಥ ಅಗ್ಗದ ಸಾಧನಕ್ಕೆ ಇಷ್ಟು ಶಕ್ತಿಯಿದೆ ಎಂದ ಮೇಲೆ ಅದನ್ನು ಕಡೆಗಣಿಸುವುದು ನನಗೆ ಅನ್ಯಾಯವೆನಿಸುತ್ತದೆ.

ನಮ್ಮ ವಾರ್ಡುಗಳಲ್ಲಿ ರೋಗಿಯ ಬಾಯಿ ಒರೆಸುವವರು ಬಹುಪಾಲು ಮಗಳು, ಸೊಸೆ ಅಥವಾ ಹೆಂಡತಿ. ಮಾತ್ರೆಯ ಹೊತ್ತನ್ನು ಅವರಿಗೆ ಎರಡೆರಡು ಸಲ ಹೇಳುವ ನಾವು ಇದನ್ನು ಹೇಳಿಕೊಡುವುದಿಲ್ಲ. ರೋಗಿಯನ್ನು ಕೂರಿಸಿ, ಕೂರಲಾಗದಿದ್ದರೆ ಪಕ್ಕಕ್ಕೆ ಮಲಗಿಸಿ, ಮೆತ್ತನೆಯ ಚಿಕ್ಕ ಬ್ರಷ್ಷಿನಿಂದ ಹಲ್ಲನ್ನೂ ನಾಲಿಗೆಯನ್ನೂ ಉಜ್ಜಬೇಕು. ಬಾಯಿಗೆ ನೀರು ಸುರಿಯದೆ, ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು. ನುಂಗುವಿಕೆಯ ಪರೀಕ್ಷೆ ಆಗುವ ಮುನ್ನ ಪ್ರೀತಿಯಿಂದಲೇ ಆದರೂ ಒಂದು ಗುಟುಕು ಎಳನೀರನ್ನೂ ಕೊಡಕೂಡದು.

ಆ ಪರೀಕ್ಷೆ ಮಾಡಬಲ್ಲ ವಾಕ್ ಚಿಕಿತ್ಸಕರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ತಯಾರುಮಾಡುತ್ತ ಬಂದಿದೆ. ಅಂಥವರೊಬ್ಬರು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಬೇಕು. ಜ್ವರ, ಬಿ.ಪಿ. ಬರೆಯುವ ಹಾಳೆಯಲ್ಲಿಯೇ ಈ ದಿನ ಬಾಯಿ ಎಷ್ಟು ಸಲ ಶುಚಿಯಾಯಿತು, ಯಾರು ಮಾಡಿದರು ಎಂದು ಬರೆಯಲು ಒಂದು ಕಾಲಂ ಇರಬೇಕು ಎಂಬುದು ನನ್ನ ಬೇಡಿಕೆ.